ಮೊದಲು ಕಿವಿ, ಆಮೇಲೆ ದನಿ: ಶಿವಮೊಗ್ಗ–ಭದ್ರಾವತಿ ಸೀಮೆಯಲ್ಲಿ ಹ್ಯಾಮ್ ರೇಡಿಯೊ

ಹ್ಯಾಮ್ ರೇಡಿಯೊ, ಎಂದರೆ ಪರವಾನಗಿ ಪಡೆದು ಸ್ವಂತ ನಿಲಯದಿಂದ ಮಾತಾಡುವ ರೇಡಿಯೊ ಹವ್ಯಾಸಕ್ಕೆ ಇಳಿಯಬೇಕೆನ್ನುವವರು ಕೇಳುವ ಮೊದಲ ಪ್ರಶ್ನೆ ‘ಯಾವ ಸೆಟ್ ಕೊಳ್ಳಲಿ?’ ಎಂಬುದು. ಎರಡನೆಯದು ‘ಎಷ್ಟು ದೂರ ಮಾತಾಡಬಹುದು?’ ಎಂಬುದು. ಸೆಟ್ ಬಂದು ತಂತಿ ಕಟ್ಟಿ ಆದಮೇಲೆ ಮೂರನೆಯ ಪ್ರಶ್ನೆ ತಾನಾಗಿ ಎದುರಾಗುತ್ತದೆ: ‘ಬರೀ ಗೊರಗೊರ ಸದ್ದೇ ಬರುತ್ತಿದೆಯಲ್ಲ, ಏನು ಮಾಡಲಿ?’ ಉತ್ಸಾಹದಿಂದ ಹೊರಟ ಅನೇಕರು ನಿಂತುಬಿಡುವುದು ಇಲ್ಲೇ.

ಈ ಮೂರನೆಯ ಪ್ರಶ್ನೆಯನ್ನೇ ಮೊದಲಿಗೆ ತಂದುಕೊಂಡರೆ ಇಡೀ ಕಲಿಕೆಯ ದಾರಿ ಬದಲಾಗುತ್ತದೆ ಎಂಬುದು ಈ ಲೇಖನದ ನಿಲುವು. ಸದ್ದು ಎಲ್ಲಿಂದ ಬರುತ್ತಿದೆ, ದನಿ ಯಾಕೆ ಬರುತ್ತಿಲ್ಲ ಎಂದು ಹುಡುಕುವವನು ವಿದ್ಯುತ್ತು, ತರಂಗ, ಆಂಟೆನಾ, ನೆಲ, ಮಳೆ, ಸೂರ್ಯ ಎಲ್ಲವನ್ನೂ ಒಂದೊಂದಾಗಿ ಅರಿಯಬೇಕಾಗುತ್ತದೆ. ಪರವಾನಗಿಯ ಪರೀಕ್ಷೆಗೆ ಬೇಕಾದ ಪಾಠವೂ ಅದೇ. ಹಾಗಾಗಿ ಶಿವಮೊಗ್ಗ, ಭದ್ರಾವತಿ, ಅಲ್ಲಿನ ಕಾಗದ ಕಾರ್ಖಾನೆಯ ಬಡಾವಣೆಯಾದ ಕಾಗದನಗರದ ಸುತ್ತಿನ ಹೊಸಬರೊಬ್ಬರ ಮುಂದೆ ಏನೇನು ಅಡ್ಡಿಗಳಿವೆ, ಏನೇನು ಅನುಕೂಲಗಳಿವೆ ಎಂಬುದನ್ನು ಇಲ್ಲಿ ಒಟ್ಟಾಗಿ ನೋಡೋಣ.

ಹವ್ಯಾಸದಿಂದ ಹುಟ್ಟಿದ ಆಕಾಶವಾಣಿ

ಕನ್ನಡನಾಡಿನಲ್ಲಿ ಬಾನುಲಿ ಶುರುವಾದದ್ದು ಸರಕಾರದ ಆದೇಶದಿಂದಲ್ಲ, ಒಬ್ಬ ಮೇಷ್ಟರ ಆಸೆಯಿಂದ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಪುಟ್ಟ ಪ್ರೇಷಕವೊಂದನ್ನು ಇಟ್ಟು ಪ್ರಸಾರ ಆರಂಭಿಸಿದರು. ಆ ನಿಲಯದ ಕರೆಸಂಕೇತ ವಿಯು6ಎಎಚ್. ಮುಂದೆ ಇಡೀ ದೇಶದ ಬಾನುಲಿಗೆ ಒದಗಿದ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ನಿಲಯದ್ದು. ಅದಕ್ಕೂ ಮೊದಲೇ, 1921ರಲ್ಲಿ, ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ದೇಶದ ಮೊದಲ ಹವ್ಯಾಸಿ ನಿಲಯಗಳನ್ನು ನಡೆಸಿದ್ದರು.

ಭದ್ರಾವತಿಯ ಆಕಾಶವಾಣಿ ನಿಲಯ 1965ರಲ್ಲಿ ಶುರುವಾಯಿತು. ಅಷ್ಟು ಹೊತ್ತಿಗೆ ಊರು ಕಬ್ಬಿಣ ಮತ್ತು ಕಾಗದದ ಊರಾಗಿ ಹೆಸರು ಮಾಡಿತ್ತು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತ್ತು, ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಗಿತ್ತು. ಫಿಟ್ಟರ್, ಎಲೆಕ್ಟ್ರಿಷಿಯನ್, ವೈಂಡರ್, ವೆಲ್ಡರ್ ಮನೆಮನೆಯಲ್ಲಿ ಇದ್ದ ಊರು ಇದು. ಮೋಟಾರು ಬಿಚ್ಚಿ ಸುತ್ತಬಲ್ಲ, ಬೆಸುಗೆ ಹಾಕಬಲ್ಲ, ಮೀಟರ್ ಹಿಡಿದು ದೋಷ ಪತ್ತೆ ಮಾಡಬಲ್ಲ ಕೈಗಳು ಇನ್ನೂ ಇಲ್ಲಿವೆ. ಹ್ಯಾಮ್ ರೇಡಿಯೊಗೆ ಬೇಕಾದ ಮುಖ್ಯ ಬಂಡವಾಳ ಇಂಥ ಕೈಗಳೇ. ಕಾಗದ ಕಾರ್ಖಾನೆ ನಿಂತು ವರ್ಷಗಳಾಗಿರಬಹುದು, ಆದರೆ ಅದು ಬೆಳೆಸಿದ ತಾಂತ್ರಿಕ ತಿಳಿವಳಿಕೆ ಮುಂದಿನ ತಲೆಮಾರಿಗೆ ದಾಟಬೇಕು. ಅದಕ್ಕೆ ಈ ಹವ್ಯಾಸ ಒಳ್ಳೆಯ ದಾರಿ.

ಭದ್ರಾವತಿಯ ಎರಡು ಅಲೆಗಳು ಕಲಿಸುವ ಪಾಠ

ಭದ್ರಾವತಿ ನಿಲಯ ಎರಡು ಬಗೆಯ ಅಲೆಗಳಿಗೆ ಹೆಸರಾದದ್ದು: 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗ ಮತ್ತು 103.5 ಮೆಗಾಹರ್ಟ್ಸ್‌ನ ಎಫ್‌ಎಂ. ಮೊದಲನೆಯದರ ಅಲೆಯ ಉದ್ದ ಸುಮಾರು 444 ಮೀಟರ್, ಎರಡನೆಯದರದು ಮೂರು ಮೀಟರಿಗೂ ಕಡಿಮೆ. ಉದ್ದನೆಯ ಅಲೆ ನೆಲವನ್ನು ಹಿಡಿದು, ಗುಡ್ಡ ಬಳಸಿ ಸಾಗುತ್ತದೆ. ಗಿಡ್ಡ ಅಲೆ ಸುಮಾರಾಗಿ ಕಣ್ಣಿನ ದೃಷ್ಟಿ ಹೋದಷ್ಟೇ ಹೋಗುತ್ತದೆ. ಎಫ್‌ಎಂ ಸ್ವಚ್ಛವಾಗಿ ಕೇಳುತ್ತದೆ ನಿಜ, ಆದರೆ ಗುಡ್ಡದ ಮರೆಯ ಮನೆಯಲ್ಲಿ ಸೊರಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಣಿವೆಗಳವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹ್ಯಾಮ್‌ಗಳಿಗೆ ಸಿಕ್ಕಿರುವ ಬ್ಯಾಂಡುಗಳಿಗೂ ಇದೇ ನಿಯಮ. ಹೊಸಬರು ಹೆಚ್ಚಾಗಿ ಕೇಳುವ ಹೆಸರು ಎರಡು. ಒಂದು, 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಎರಡು ಮೀಟರ್ ಬ್ಯಾಂಡ್. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟುಗಳ ಲೋಕ ಇದು. ಇನ್ನೊಂದು, 7ರಿಂದ 7.2 ಮೆಗಾಹರ್ಟ್ಸ್‌ವರೆಗಿನ ನಲವತ್ತು ಮೀಟರ್ ಬ್ಯಾಂಡ್. ನಮ್ಮ ದೇಶದ ಹ್ಯಾಮ್‌ಗಳು ಬೆಳಗ್ಗೆ ಸಂಜೆ ಸೇರುವ ಜಗಲಿ ಇದು.

ಎರಡು ಮೀಟರ್ ಬ್ಯಾಂಡಿನಲ್ಲಿ ಎಷ್ಟು ದೂರ ಹೋಗಬಹುದೆಂಬುದನ್ನು ಲೆಕ್ಕ ಹಾಕಬಹುದು. ಎರಡೂ ಕಡೆಯ ಆಂಟೆನಾ ಎತ್ತರಗಳ ವರ್ಗಮೂಲ ತೆಗೆದು ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ರೇಡಿಯೊ ದಿಗಂತ ಸಿಗುತ್ತದೆ. ಭದ್ರಾವತಿಯಲ್ಲಿ 16 ಮೀಟರ್ ಎತ್ತರ, ಶಿವಮೊಗ್ಗದಲ್ಲಿ 9 ಮೀಟರ್ ಎತ್ತರ ಎಂದಿಟ್ಟುಕೊಂಡರೆ ಸುಮಾರು 29 ಕಿ.ಮೀ. ಎರಡೂ ಊರುಗಳ ನಡುವಿನ ಅಂತರ ಅದಕ್ಕಿಂತ ಕಡಿಮೆ. ಆದ್ದರಿಂದ ಅವಳಿ ಊರುಗಳ ನಡುವೆ ಮಾಳಿಗೆಯ ಮೇಲಿನ ಸಾಧಾರಣ ಆಂಟೆನಾ ಸಾಕು. ಮನೆಯೊಳಗೆ ಕೂತು ಕೈ ಸೆಟ್ಟಿನ ರಬ್ಬರ್ ಕಡ್ಡಿಯಿಂದ ಪ್ರಯತ್ನಿಸಿ ಸೋತವರು ಸೆಟ್ಟನ್ನು ಬೈಯುವ ಮೊದಲು ಒಮ್ಮೆ ಮಾಳಿಗೆ ಹತ್ತಬೇಕು.

ಇದೇ ಲೆಕ್ಕವನ್ನು ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹಾಕಿ ನೋಡಿ. ಸುಮಾರು 600 ಮೀಟರ್ ಎತ್ತರದ ನಮ್ಮ ಬಯಲಿನ ಮಟ್ಟದಿಂದ ಅದು 1,300 ಮೀಟರಿಗೂ ಮೇಲೆ ನಿಂತಿದೆ, ಅಲ್ಲಿಂದ ದಿಗಂತ 150 ಕಿ.ಮೀ. ಸಮೀಪ. ಬೆಟ್ಟ ಮನೆಯ ಮುಂದಿದ್ದರೆ ಅಡ್ಡಿ, ಅದರ ನೆತ್ತಿಯ ಮೇಲೆ, ಬಂದ ಸಂಕೇತವನ್ನು ಮತ್ತೆ ಹೊರಡಿಸುವ ಮರುಪ್ರಸಾರಕ (ರಿಪೀಟರ್) ಇದ್ದರೆ ವರ.

ಘಟ್ಟದ ಕಡೆಗೆ, ಕಣಿವೆಗಳೊಳಗೆ, ಎರಡು ಮೀಟರ್ ಸೋಲುವಲ್ಲಿ ನಲವತ್ತು ಮೀಟರ್ ಗೆಲ್ಲುತ್ತದೆ. ಈ ಬ್ಯಾಂಡಿಗೆ ಡೈಪೋಲ್, ಎಂದರೆ ನಡುವಿನಲ್ಲಿ ಕೇಬಲ್ ಸೇರುವ ಆಂಟೆನಾ ತಂತಿಯನ್ನು ತೀರಾ ಎತ್ತರಕ್ಕೆ ಕಟ್ಟದೆ ಆರೇಳು ಮೀಟರಿನಲ್ಲೇ ಕಟ್ಟಿದರೆ ಅಲೆ ಹೆಚ್ಚು ಕಡಿಮೆ ನೆತ್ತಿಯ ಕಡೆಗೆ ಹೋಗಿ, ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರವಾದ ಅಯಾನುಗೋಲಕ್ಕೆ ತಾಗಿ, ಮಳೆಯಂತೆ ಸುತ್ತಲೂ ಇಳಿಯುತ್ತದೆ. ಮೇಲಿನಿಂದ ಬರುವ ಅಲೆಗೆ ಗುಡ್ಡ ಅಡ್ಡವಾಗುವುದಿಲ್ಲ. ಶಿವಮೊಗ್ಗದಿಂದ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಎಲ್ಲವೂ ನೇರ ಅಳತೆಯಲ್ಲಿ 250 ಕಿ.ಮೀ. ಒಳಗೇ ಇವೆ. ಹಗಲು ಹೊತ್ತಿನಲ್ಲಿ ಈ ಅಂತರಕ್ಕೆ ತಗ್ಗಿನ ಡೈಪೋಲ್ ಹೇಳಿ ಮಾಡಿಸಿದ ಹಾಗಿದೆ. ಮಲೆನಾಡಿನವರಿಗೆ ದೊಡ್ಡ ಟವರ್ ಬೇಕೆಂಬ ಭಯ ಇರಬೇಕಿಲ್ಲ.

ಪರವಾನಗಿ: ದಾರಿ ನೇರ, ತಾಳ್ಮೆ ಬೇಕು

ಮಾತಾಡಲು ಪರವಾನಗಿ ಕಡ್ಡಾಯ. ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗ ಇದನ್ನು ಕೊಡುತ್ತದೆ. 1978ರ ಹವ್ಯಾಸಿ ಸೇವೆಯ ನಿಯಮಗಳು ತಿದ್ದುಪಡಿಗಳೊಂದಿಗೆ ಇದಕ್ಕೆ ತಳಪಾಯ. ವಯಸ್ಸು 12 ತುಂಬಿರಬೇಕು. ದರ್ಜೆ ಎರಡು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೂಲ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಸಾಕು. ಜನರಲ್ ದರ್ಜೆಗೆ ಅದರ ಜೊತೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸಿ, ಕೇಳಿ ಬರೆದುಕೊಳ್ಳಲು ಬರಬೇಕು. ಜನರಲ್ ದರ್ಜೆಯವರ ಕರೆಸಂಕೇತ ವಿಯು2ರಿಂದಲೂ ರಿಸ್ಟ್ರಿಕ್ಟೆಡ್ ದರ್ಜೆಯವರದು ವಿಯು3ರಿಂದಲೂ ಶುರುವಾಗುತ್ತದೆ. ಅರ್ಜಿ ‘ಸರಳ್ ಸಂಚಾರ್’ ಜಾಲತಾಣದ ಮೂಲಕ. ನಮೂನೆ, ಶುಲ್ಕ, ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ಸೂಚನೆಯನ್ನೇ ಓದಬೇಕು.

ಪರೀಕ್ಷೆಗೆ ಹೆದರುವ ಅಗತ್ಯವಿಲ್ಲ. ಓಮ್‌ನ ನಿಯಮ, ಕೆಪಾಸಿಟರ್, ಟ್ರಾನ್ಸಿಸ್ಟರ್, ಆಂಟೆನಾದ ಉದ್ದ, ಬ್ಯಾಂಡುಗಳ ಎಲ್ಲೆ, ತುರ್ತು ಕರೆಯ ಕ್ರಮ ಮುಂತಾದವನ್ನು ಪಿಯುಸಿ ವಿಜ್ಞಾನ ಓದಿದವರು, ಐಟಿಐ ಮುಗಿಸಿದವರು ಸುಲಭವಾಗಿ ಹಿಡಿಯಬಲ್ಲರು. ಕಷ್ಟವಿರುವುದು ಪರೀಕ್ಷೆ ಮುಗಿದು ಕರೆಸಂಕೇತ ಕೈಗೆ ಬರುವವರೆಗಿನ ಕಾಯುವಿಕೆಯಲ್ಲಿ. ಕಡತ ಪರಿಶೀಲನೆಯ ಮೇಜುಗಳನ್ನು ದಾಟಿ ಬರಲು ಸಮಯ ಹಿಡಿಯುತ್ತದೆ. ಆ ಕಾಲವನ್ನು ಕೇಳುವುದಕ್ಕೆ ಕೊಟ್ಟವರಿಗೆ ಅದು ವ್ಯರ್ಥವಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಅಗ್ಗದ ಕೈ ಸೆಟ್ಟುಗಳು ಅಂತರ್ಜಾಲದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆಂದು ಪರವಾನಗಿ ಇಲ್ಲದೆ ಕೊಂಡು ಒತ್ತಿ ಮಾತಾಡುವುದು ಅಪರಾಧ. ಅಂಥ ಮಾರಾಟದ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಗಳನ್ನೇ ಹೊರಡಿಸಿತು. ಪೊಲೀಸ್, ಅರಣ್ಯ ಇಲಾಖೆಯವರು ಬಳಸುವ ತರಂಗಾಂತರಗಳು ಇದೇ ಸೆಟ್ಟುಗಳ ವ್ಯಾಪ್ತಿಯಲ್ಲಿ ಬರಬಹುದು. ತಿಳಿಯದೆ ಒತ್ತಿದ ಗುಂಡಿ ಇನ್ನೊಬ್ಬರ ತುರ್ತು ಮಾತನ್ನು ತುಳಿಯುತ್ತದೆ.

ಗೊರಗೊರ ಎಲ್ಲಿಂದ?

ಈಗ ಮುಖ್ಯ ವಿಷಯಕ್ಕೆ ಬರೋಣ. 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಬ್ಯಾಂಡುಗಳಲ್ಲಿ ಕೇಳುವಿಕೆಯನ್ನು ನಿರ್ಧರಿಸುವುದು ಸೆಟ್ಟಿನ ಸೂಕ್ಷ್ಮತೆಗಿಂತ ಹೊರಗಿನ ಸದ್ದು. ಸಾಧಾರಣ ಸೆಟ್ಟೂ ಗಾಳಿಯಲ್ಲಿರುವ ಸದ್ದಿನಷ್ಟು ಸಣ್ಣ ಸಂಕೇತವನ್ನು ಹಿಡಿಯಬಲ್ಲದು. ಸಂಕೇತಕ್ಕಿಂತ ಸದ್ದು ದೊಡ್ಡದಾಗಿದ್ದರೆ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ, ದುಬಾರಿ ಸೆಟ್ಟು ತಂದೂ ಪ್ರಯೋಜನವಿಲ್ಲ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮನುಷ್ಯ ನಿರ್ಮಿತ ರೇಡಿಯೊ ಸದ್ದನ್ನು ನಗರ, ವಸತಿ ಪ್ರದೇಶ, ಹಳ್ಳಿ ಎಂದು ವಿಂಗಡಿಸಿದೆ. ಅದರ ಅಂಕಿಗಳ ಪ್ರಕಾರ ನಗರಕ್ಕೂ ಹಳ್ಳಿಗೂ ಇರುವ ಅಂತರ ಸುಮಾರು 10 ಡೆಸಿಬೆಲ್. ಎಂದರೆ ಶಿವಮೊಗ್ಗದ ಪೇಟೆಯ ನಡುವಿರುವ ಕೇಳುಗ 100 ವಾಟ್ ನಿಲಯವನ್ನು ಎಷ್ಟು ಸ್ಪಷ್ಟವಾಗಿ ಕೇಳಬಲ್ಲನೋ ಹಳ್ಳಿಯ ಕೇಳುಗ 10 ವಾಟ್ ನಿಲಯವನ್ನೇ ಅಷ್ಟು ಸ್ಪಷ್ಟವಾಗಿ ಕೇಳಬಲ್ಲ. ಕಾಗದನಗರದಂಥ ಊರಂಚಿನ ಬಡಾವಣೆಯವರಿಗೆ, ತೋಟದ ಮನೆಯವರಿಗೆ ಇದು ಹಣ ಕೊಟ್ಟರೂ ಸಿಗದ ಅನುಕೂಲ.

ಆದರೆ ಹಳ್ಳಿಯ ಮನೆಯೊಳಗೂ ಸದ್ದಿನ ಮೂಲಗಳು ಸೇರಿಕೊಂಡಿವೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬಿನ ಒಳಗಿನ ಸಣ್ಣ ಸರ್ಕ್ಯೂಟು, ಟಿವಿಯ ಅಡಾಪ್ಟರ್, ಯುಪಿಎಸ್, ಇನ್ವರ್ಟರ್ ಎಲ್ಲವೂ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸಿ ಕೆಲಸ ಮಾಡುತ್ತವೆ. ಆ ಕಡಿತದ ಒಂದೊಂದು ಅಂಚೂ ಸಣ್ಣ ಪ್ರೇಷಕ. ಒಳಗೆ ಸೋಸುವ ಭಾಗಗಳನ್ನು ಉಳಿತಾಯ ಮಾಡಿದ ಅಗ್ಗದ ಸಾಮಾನು ಹೆಚ್ಚು ಗಲಾಟೆ ಮಾಡುತ್ತದೆ. ಮನೆಯ ವೈರಿಂಗೇ ಅದರ ಆಂಟೆನಾ.

ಮೊದಲ ಪರೀಕ್ಷೆ ಸರಳ. ಸೆಟ್ಟನ್ನು ಬ್ಯಾಟರಿಯಲ್ಲಿ ನಡೆಸಿ ಮನೆಯ ಮೈನ್ ಆಫ್ ಮಾಡಬೇಕು. ಯುಪಿಎಸ್ ಇದ್ದರೆ ಅದನ್ನೂ ಆರಿಸಬೇಕು. ಸದ್ದು ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಮೈನ್ ಹಾಕಿ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋದರೆ ಯಾವ ಕೋಣೆ, ಯಾವ ಪ್ಲಗ್ಗು ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಸಿಕ್ಕ ಅಡಾಪ್ಟರನ್ನು ಬದಲಿಸಬಹುದು, ಅಥವಾ ಅದರ ವೈರನ್ನು ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಸುತ್ತಬಹುದು. ಒಂದೇ ಸುತ್ತಿಗಿಂತ ಹಲವು ಸುತ್ತು ಎಷ್ಟೋ ಪಾಲು ಪರಿಣಾಮಕಾರಿ, ಏಕೆಂದರೆ ತಡೆ ಸುತ್ತುಗಳ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ.

ಮೈನ್ ಆರಿಸಿದರೂ ಸದ್ದು ಇಳಿಯದಿದ್ದರೆ ಮೂಲ ಹೊರಗಿದೆ. ಆಗ ಗಡಿಯಾರವೂ ಕಿವಿಯೂ ಪತ್ತೇದಾರರು. ಬೆಳಗಾದೊಡನೆ ಶುರುವಾಗಿ ಸೂರ್ಯ ಮುಳುಗಿದೊಡನೆ ನಿಲ್ಲುವ ಸದ್ದು ಸೋಲಾರ್ ಇನ್ವರ್ಟರಿನದು. ತೋಟಕ್ಕೆ ತ್ರೀ ಫೇಸ್ ಕೊಡುವ ಹೊತ್ತಿಗೇ ಬಂದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಕಡೆ ನೋಡಬೇಕು. ಸೆಕೆಂಡಿಗೊಂದರಂತೆ ಟಿಕ್ ಟಿಕ್ ಎಂದು ಬಡಿದರೆ ಅದು ಹಂದಿ, ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ. ಬೇಲಿಯ ಯಂತ್ರ ಸರಿಯಾಗಿಯೇ ಇರುತ್ತದೆ, ಬಳ್ಳಿಯೋ ಹಸಿ ಕೊಂಬೆಯೋ ತಂತಿಗೆ ತಾಗಿ ಕಿಡಿ ಹಾರುತ್ತಿರುತ್ತದೆ. ಗಿಡ ಸವರಿ, ಸಡಿಲವಾದ ಗಂಟುಗಳನ್ನು ಬಿಗಿ ಮಾಡಿದರೆ ರೇಡಿಯೊಗೂ ಒಳ್ಳೆಯದು, ಬೇಲಿಗೂ ಒಳ್ಳೆಯದು. ನೆರೆಯವರ ಬಳಿ ಈ ಎರಡನೆಯ ಲಾಭವನ್ನು ಮೊದಲು ಹೇಳಬೇಕು.

ಸದಾ ಇರುವ, ಒರಟಾದ, ಸೆಕೆಂಡಿಗೆ 100 ಸಲದ ಗುಂಯ್ ಸದ್ದು ವಿದ್ಯುತ್ ಲೈನಿನದು. ಶರಾವತಿಯ ವಿದ್ಯುತ್ತು ನಾಡಿಗೆಲ್ಲ ಹರಿಯುವ ದಾರಿಯಲ್ಲಿ ಶಿವಮೊಗ್ಗ ಇದೆ. ಇಲ್ಲಿನ ನೆಲದ ಮೇಲೆ ದೊಡ್ಡ ಲೈನುಗಳೂ ಊರೂರಿನ 11 ಸಾವಿರ ವೋಲ್ಟ್ ಲೈನುಗಳೂ ಹೆಣೆದುಕೊಂಡಿವೆ. ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಹೆಚ್ಚು ಕಾಟ ಕೊಡುವುದು ಎತ್ತರದ ಟವರ್ ಲೈನಲ್ಲ, ಬೀದಿಯ ಕಂಬ. ಅಲ್ಲಿ ಸಡಿಲಗೊಂಡ ಬೋಲ್ಟು, ಬಿರುಕು ಬಿಟ್ಟ ಪಿಂಗಾಣಿ, ಸರಿಯಾಗಿ ಕಟ್ಟದ ತಂತಿಯ ನಡುವಿನ ಕೂದಲೆಳೆಯ ಸಂದಿಯಲ್ಲಿ ಕಿಡಿ ಹಾರುತ್ತದೆ. ಮಳೆ ಬಂದಾಗ ಸದ್ದು ನಿಂತು, ಬಿಸಿಲು ಬಂದಾಗ ಮರಳಿದರೆ ಇಂಥ ಸಂದಿಯೇ ಕಾರಣ. ನೀರು ಸಂದಿಯನ್ನು ಮುಚ್ಚಿರುತ್ತದೆ. ಮಳೆಯಲ್ಲೇ ಹೆಚ್ಚಾಗುವ ಸದ್ದಾದರೆ ಅದು ಅಧಿಕ ವೋಲ್ಟೇಜಿನ ತಂತಿಯಿಂದ ಸುತ್ತಲಿನ ಗಾಳಿಗೆ ವಿದ್ಯುತ್ತು ಸೋರುವ ಕೊರೋನಾ.

ಯಾವ ಕಂಬ ಎಂದು ಹುಡುಕಲು ಮಧ್ಯಮ ತರಂಗದ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಸಾಕು. ಅದರೊಳಗಿನ ಫೆರೈಟ್ ಸರಳು ದಿಕ್ಕು ತೋರಿಸುತ್ತದೆ. ನಿಲಯವಿಲ್ಲದ ಜಾಗಕ್ಕೆ ಟ್ಯೂನ್ ಮಾಡಿ ರೇಡಿಯೊ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಸದ್ದು ಥಟ್ಟನೆ ಕುಗ್ಗುತ್ತದೆ. ಆಗ ಒಳಗಿನ ಸರಳಿನ ತುದಿ ಮೂಲದ ಕಡೆ ಚಾಚಿರುತ್ತದೆ. ಎರಡು ಮೂರು ಕಡೆ ನಿಂತು ನೋಡಿ ಗೆರೆ ಎಳೆದರೆ ಅವು ಕೂಡುವಲ್ಲಿ ಕಂಬ. ಕಂಬದ ಸಂಖ್ಯೆ, ಟ್ರಾನ್ಸ್‌ಫಾರ್ಮರಿನ (ಟಿಸಿಯ) ಗುರುತು, ಸದ್ದು ಬರುವ ಹೊತ್ತು ಬರೆದು ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂಗೆ ದೂರು ಕೊಡಬೇಕು. ಕಿಡಿ ಹಾರುವ ಜೋಡಣೆ ನಾಳೆ ಕರಗಿ ಬೀಳುವ ಜೋಡಣೆ ಎಂಬುದು ಲೈನ್‌ಮನ್‌ಗೂ ಗೊತ್ತು. ಆದ್ದರಿಂದ ನಿಖರವಾಗಿ ಬರೆದ ದೂರಿಗೆ ಬೆಲೆ ಇದೆ. ಕಂಬವನ್ನು ಬಡಿದು ನೋಡುವ, ಸ್ಟೇ ತಂತಿ ಅಲ್ಲಾಡಿಸುವ ಸಾಹಸವನ್ನು ಯಾರೂ ಮಾಡಬಾರದು. ಅದು ಪ್ರಾಣಕ್ಕೆ ಬರುವ ಕೆಲಸ.

ಸದ್ದಿನ ಮೂರನೆಯ ಬಗೆ ಸೆಟ್ಟಿನೊಳಗೇ ಹುಟ್ಟುವುದು. ಪ್ರಬಲ ಪ್ರಸಾರ ಕೇಂದ್ರದ ನೆರೆಯಲ್ಲಿರುವ ಮನೆಯಲ್ಲಿ ಅಗ್ಗದ ರಿಸೀವರ್ ತತ್ತರಿಸುತ್ತದೆ. 675ರ ಕಾರ್ಯಕ್ರಮ ಅದರ ಎರಡರಷ್ಟಾದ 1350ರಲ್ಲೂ ಮೂರರಷ್ಟಾದ 2025ರಲ್ಲೂ ಕೇಳಿಸಿದರೆ ಸಾಮಾನ್ಯವಾಗಿ ತಪ್ಪು ನಿಲಯದ್ದಲ್ಲ, ಆ ಭಾರವನ್ನು ತಾಳಲಾರದ ಸೆಟ್ಟಿನದು. ಮಧ್ಯಮ ತರಂಗವನ್ನು ತಡೆದು ಮೇಲಿನದನ್ನು ಮಾತ್ರ ಬಿಡುವ ಫಿಲ್ಟರನ್ನು ನಾಲ್ಕಾರು ಕೆಪಾಸಿಟರ್, ಸುರುಳಿಗಳಿಂದ ಮನೆಯಲ್ಲೇ ಕಟ್ಟಿ ಆಂಟೆನಾ ದಾರಿಯಲ್ಲಿ ಇಟ್ಟರೆ ಬ್ಯಾಂಡು ತೊಳೆದಂತೆ ಸ್ವಚ್ಛವಾಗುತ್ತದೆ. ರಾತ್ರಿ ನಲವತ್ತು ಮೀಟರಿನಲ್ಲಿ ವಿದೇಶಿ ಪ್ರಸಾರಗಳು ಅಬ್ಬರಿಸುವಾಗಲೂ ಇದೇ ತೊಂದರೆ. ಆಗ ಆರ್‌ಎಫ್ ಗೇನ್ ಇಳಿಸಬೇಕು, ಅಟೆನ್ಯೂಏಟರ್ ಹಾಕಬೇಕು. ಸಂಕೇತ ಕುಗ್ಗಿದರೂ ಮಾತು ತಿಳಿಯಾಗುತ್ತದೆ.

ತಂತಿ, ಕಂಬ, ಕೇಬಲ್

ಡೈಪೋಲ್‌ನ ಲೆಕ್ಕ ಚಿಕ್ಕದು. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಎಂದರೆ ನಡುವಿನಿಂದ ಆಚೆಗೆ ಹತ್ತು, ಈಚೆಗೆ ಹತ್ತು. 145 ಮೆಗಾಹರ್ಟ್ಸ್‌ನ ಕಾಲು ಅಲೆಯ ಕಡ್ಡಿ ಅರ್ಧ ಮೀಟರಿಗೆ ಒಂದೆರಡು ಸೆಂಟಿಮೀಟರ್ ಕಡಿಮೆ. ಮನೆ ವೈರಿಂಗಿನ ತಾಮ್ರದ ವೈರೇ ಸಾಕು. ತುಸು ಉದ್ದ ಬಿಟ್ಟು ಕಟ್ಟಿ, ಮೀಟರ್ ನೋಡುತ್ತ ಕತ್ತರಿಸುತ್ತ ಬರಬೇಕು. ಆಂಟೆನಾ ಮನೆಯಿಂದ ದೂರವಾದಷ್ಟೂ ಸದ್ದು ಕಡಿಮೆ. ಕೇಬಲ್ ಆಂಟೆನಾಕ್ಕೆ ಸೇರುವಲ್ಲಿ ಅದನ್ನೇ ಸುರುಳಿ ಸುತ್ತಿಯೋ ಫೆರೈಟ್ ಉಂಗುರಕ್ಕೆ ಪೋಣಿಸಿಯೋ ಚೋಕ್ ಮಾಡಿದರೆ ಮನೆಯ ಗಲಾಟೆ ಕೇಬಲ್‌ನ ಹೊರಮೈ ಹಿಡಿದು ಏರಿ ಆಂಟೆನಾದೊಳಗೆ ನುಗ್ಗುವುದು ತಪ್ಪುತ್ತದೆ. ಎಷ್ಟೋ ಮನೆಗಳ ಗೊರಗೊರ ಇಷ್ಟರಿಂದಲೇ ಅರ್ಧ ಇಳಿಯುತ್ತದೆ.

ಕಂಬಕ್ಕೆ ಮಲೆನಾಡಿನಲ್ಲಿ ಬರವಿಲ್ಲ. ತೋಟದ ಅಡಿಕೆ ಮರ, ಬಿದಿರಿನ ಗಳ ಎಲ್ಲವೂ ಒದಗುತ್ತವೆ. ಮರ ಗಾಳಿಗೆ ತೂಗುವುದರಿಂದ ಒಂದು ತುದಿಯನ್ನು ರಾಟೆಗೆ ಹಾಯಿಸಿ ಕಲ್ಲು ತೂಗುಬಿಟ್ಟರೆ ತಂತಿ ಹರಿಯುವುದಿಲ್ಲ. ಈಗ ಅಡಿಕೆ ಕೊನೆ ತೆಗೆಯಲು ಬಂದಿರುವ ಕಾರ್ಬನ್ ಫೈಬರ್ ದೋಟಿ ಎತ್ತರಕ್ಕೆ ಒಳ್ಳೆಯದೆಂದು ಆಂಟೆನಾ ಕಂಬ ಮಾಡಿಕೊಳ್ಳುವ ಆಸೆ ಹುಟ್ಟಬಹುದು. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತು. ಅಂಟಿಕೊಂಡು ನಿಂತರೆ ಆಂಟೆನಾದ ಲೆಕ್ಕ ಕೆಡಿಸುತ್ತದೆ, ಲೈನಿಗೆ ತಾಗಿದರೆ ಅಲ್ಯೂಮಿನಿಯಂ ದೋಟಿಯಷ್ಟೇ ಅಪಾಯಕಾರಿ. ವಿದ್ಯುತ್ ಲೈನಿನ ಹತ್ತಿರ ಯಾವ ಆಂಟೆನಾವನ್ನೂ ಏರಿಸಬಾರದು. ಕಂಬ ಬಿದ್ದರೂ ಲೈನಿಗೆ ತಾಗದಷ್ಟು ದೂರ ಬಿಡಬೇಕು. ಹಂಚಿನ ಮಾಡಿನ ಅಟ್ಟದಲ್ಲಿ ಆಂಟೆನಾ ಕಟ್ಟಿದರೂ ನಡೆಯುತ್ತದೆ, ತಗಡಿನ ಶೀಟಿನ ಕೆಳಗೆ ನಡೆಯುವುದಿಲ್ಲ.

ಕೇಬಲ್ ವಿಷಯದಲ್ಲಿ ಉಳಿತಾಯ ಮಾಡುವವರು ಗಮನಿಸಬೇಕು. ತೆಳುವಾದ ಆರ್‌ಜಿ-58 ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ತೊಂದರೆ ಕೊಡುವುದಿಲ್ಲ. ಅದೇ ಕೇಬಲ್ 145ರಲ್ಲಿ 30 ಮೀಟರ್ ದೂರಕ್ಕೆ ಸುಮಾರು 6 ಡೆಸಿಬೆಲ್ ನುಂಗುತ್ತದೆ, ಎಂದರೆ ನಾಲ್ಕರಲ್ಲಿ ಒಂದು ಪಾಲು ಮಾತ್ರ ತಲಪುತ್ತದೆ. ದಪ್ಪನೆಯ ಆರ್‌ಜಿ-213 ಅಷ್ಟೇ ದೂರಕ್ಕೆ ಅರ್ಧಕ್ಕಿಂತ ಹೆಚ್ಚನ್ನು ಉಳಿಸುತ್ತದೆ.

ಆಮೇಲೆ ಮುಂಗಾರು. ತಿಂಗಳುಗಟ್ಟಲೆ ಸುರಿಯುವ ನಾಡಿನಲ್ಲಿ ಆಂಟೆನಾದ ದೊಡ್ಡ ಶತ್ರು ಕನೆಕ್ಟರಿಗೆ ಇಳಿಯುವ ನೀರು. ನೀರು ಕುಡಿದ ಕೇಬಲ್‌ನ ಹೆಣಿಗೆ ಹಸಿರುಗಟ್ಟುತ್ತದೆ, ಮೀಟರಿನಲ್ಲಿ ಎಲ್ಲ ಸರಿ ಎಂದು ತೋರಿಸುತ್ತಲೇ ಸಂಕೇತವನ್ನು ತಿನ್ನುತ್ತದೆ. ಮೇ ತಿಂಗಳಿನೊಳಗೆ ಜೋಡಣೆಗಳನ್ನೆಲ್ಲ ರಬ್ಬರ್ ಟೇಪಿನಿಂದ ಬಿಗಿಯಾಗಿ ಸುತ್ತಿ ಮುಗಿಸಬೇಕು. ಕೇಬಲ್ ಮನೆಯೊಳಗೆ ಬರುವ ಮುನ್ನ ಒಮ್ಮೆ ಕೆಳಗೆ ಜೋಲಿ ಬಿದ್ದು ಮೇಲೇರುವಂತೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಮೊದಲ ಗುಡುಗು ಕೇಳುವ ಮುನ್ನವೇ ಕೇಬಲ್ ಕಳಚಿ ಹೊರಗೆ ಹಾಕಬೇಕು. ಒಳ್ಳೆಯ ಅರ್ಥಿಂಗ್ ಬೇಕೇ ಬೇಕು, ಆದರೆ ಸಿಡಿಲು ತಲೆಯ ಮೇಲಿರುವಾಗ ಅದನ್ನು ನಂಬಿ ಸೆಟ್ಟಿನ ಮುಂದೆ ಕೂರಬಾರದು.

ಸೂರ್ಯ ಮತ್ತು ಹೊತ್ತು

ಎಲ್ಲ ಸರಿಯಿದ್ದೂ ಕೇಳದ ಹೊತ್ತುಗಳಿವೆ. ಹಗಲಿನಲ್ಲಿ ಅಯಾನುಗೋಲದ ಕೆಳಪದರ ಮಧ್ಯಮ ತರಂಗವನ್ನು ಹೀರುತ್ತದೆ. ಸಂಜೆ ಆ ಪದರ ಕರಗಿದೊಡನೆ ದೂರದ ನಿಲಯಗಳು ತೇಲಿ ಬರುತ್ತವೆ. ನಲವತ್ತು ಮೀಟರಿನಲ್ಲಿ ಹಗಲು ಬೆಂಗಳೂರು ಚೆನ್ನಾಗಿ ಕೇಳಿ, ರಾತ್ರಿ ಬೆಂಗಳೂರು ಮಾಯವಾಗಿ ಸಾವಿರಾರು ಕಿಲೋಮೀಟರ್ ಆಚೆಯದು ಕೇಳಬಹುದು. ನೆತ್ತಿಯ ಕಡೆಗೆ ಹೋದ ಅಲೆಯನ್ನು ಮರಳಿಸುವ ಬಲ ಮೇಲ್ಪದರಕ್ಕೆ ಆಗ ಸಾಲದು. ಸೆಟ್ಟು ಕೆಟ್ಟಿತೆಂದು ಬಿಚ್ಚುವ ಮೊದಲು ಗಡಿಯಾರ ನೋಡಬೇಕು.

ನಮ್ಮ ಸೀಮೆಗೆ ಇನ್ನೊಂದು ವಿಶೇಷವಿದೆ. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿದ್ದು ಇದೇ ಕಾರಣಕ್ಕೆ. ಅದರ ನೆರೆಯ ನಮಗೆ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನ ಸಂಜೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಸಂಕೇತಗಳು ನಡುಗುತ್ತ, ಬಡಬಡಿಸುತ್ತ ಬರುವುದುಂಟು. ಅಯಾನುಗೋಲದಲ್ಲಿ ಏಳುವ ಗುಳ್ಳೆಗಳ ಪರಿಣಾಮ ಇದು. ಉತ್ತರದ ದೇಶಗಳಲ್ಲಿ ಬರೆದ ಪುಸ್ತಕಗಳಲ್ಲಿ ಇದರ ಮಾತು ಕಡಿಮೆ. ಇಲ್ಲಿನ ಕೇಳುಗರೇ ದಿನಚರಿ ಬರೆದಿಟ್ಟರೆ ಅದು ವಿಜ್ಞಾನಕ್ಕೂ ಉಪಯೋಗ.

ಯಾವುದರಿಂದ ಶುರು?

ಈಗ ಮೊದಲ ಪ್ರಶ್ನೆಗೆ ಉತ್ತರಿಸಬಹುದು. ಶಾರ್ಟ್‌ವೇವ್‌ನಲ್ಲಿ ಎಸ್‌ಎಸ್‌ಬಿ (ಹ್ಯಾಮ್‌ಗಳು ಮಾತಿಗೆ ಬಳಸುವ ಬಗೆ) ಕೇಳಬಲ್ಲ ಒಂದು ರಿಸೀವರ್, ಅಥವಾ ಕಂಪ್ಯೂಟರಿಗೆ ಸಿಕ್ಕಿಸಿ ಅದರ ತಂತ್ರಾಂಶದಿಂದಲೇ ಕೇಳುವ ಸಣ್ಣ ಎಸ್‌ಡಿಆರ್ ಡಾಂಗಲ್ ಆರಂಭಕ್ಕೆ ಸಾಕು. ಡಾಂಗಲ್‌ನ ದೊಡ್ಡ ಗುಣವೆಂದರೆ ಅದು ಬ್ಯಾಂಡನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸುತ್ತದೆ. ಚಾರ್ಜರಿನ ಸದ್ದು ಸಮದೂರದ ಗೆರೆಗಳಾಗಿ, ಲೈನಿನ ಕಿಡಿ ಅಡ್ಡಪಟ್ಟಿಯಾಗಿ ಕಣ್ಣಿಗೇ ಕಾಣುತ್ತದೆ.

ಕೇಳಲು ಮೊದಲ ಗುರಿಯಾಗಿ 145.800 ಮೆಗಾಹರ್ಟ್ಸ್ ಇಟ್ಟುಕೊಳ್ಳಬಹುದು. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ಸೆಟ್ಟು ಶಾಲಾ ಮಕ್ಕಳೊಂದಿಗೆ ಮಾತಾಡುವುದು, ಆಗಾಗ ಚಿತ್ರ ಕಳಿಸುವುದು ಇದರಲ್ಲೇ. ತಲೆಯ ಮೇಲೆ ಹಾದುಹೋಗುವ ಹತ್ತು ನಿಮಿಷ ಅರ್ಧ ಮೀಟರಿನ ಕಡ್ಡಿಗೂ ಕೇಳುತ್ತದೆ. ಇನ್ನೊಂದು ಗುರಿ ಕತಾರ್‌ನ ಉಪಗ್ರಹದಲ್ಲಿ 2019ರಿಂದ ನಡೆಯುತ್ತಿರುವ ಹ್ಯಾಮ್ ಮರುಪ್ರಸಾರಕ. ಅದು ಆಕಾಶದಲ್ಲಿ ನಿಂತಲ್ಲೇ ನಿಂತಿರುತ್ತದೆ. ಶಿವಮೊಗ್ಗದಿಂದ ಅದು ಪಶ್ಚಿಮಕ್ಕೆ, ತುಸು ದಕ್ಷಿಣದ ಕಡೆಗೆ, ಸುಮಾರು 31 ಡಿಗ್ರಿ ಎತ್ತರದಲ್ಲಿ ಇದೆ. ಘಟ್ಟದ ಸಾಲು ಅಷ್ಟು ಎತ್ತರಕ್ಕೆ ಅಡ್ಡ ಬರುವುದಿಲ್ಲ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಡಿಟಿಎಚ್ ತಟ್ಟೆಯೂ ಒಂದು ಡಾಂಗಲ್ಲೂ ಅದನ್ನು ಕೇಳಲು ಸಾಕು. ನಮ್ಮದೇ ಉಪಗ್ರಹ ಹ್ಯಾಮ್‌ಸ್ಯಾಟ್ 42.5 ಕಿಲೋ ತೂಕದ್ದು. 2005ರ ಮೇ 5ರಂದು ಇಸ್ರೊ ಹಾರಿಸಿದ ಅದು ಒಂಬತ್ತು ವರ್ಷ ಜಗತ್ತಿನ ಹ್ಯಾಮ್‌ಗಳಿಗೆ ದುಡಿಯಿತು. ಅದಕ್ಕೆ ಇಂದು ಉತ್ತರಾಧಿಕಾರಿ ಬೇಕು ಎಂದು ಕೇಳುವ ಹಕ್ಕು ಕನ್ನಡನಾಡಿನ ಹೊಸ ಹ್ಯಾಮ್‌ಗಳದು.

ಪರವಾನಗಿ ಬಂದ ಮೇಲೆ ಲಕ್ಷದ ಸೆಟ್ಟೇ ಬೇಕೆಂದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ಸೆಟ್ಟಿನ ಹಿಂದಿದ್ದ ವಿಚಾರವೇ ಇದು: ನಮ್ಮ ಪೇಟೆಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದ ಮಾತಾಡುವ ಯಂತ್ರ ಕಟ್ಟುವುದು. ಜಗತ್ತಿನ ಅನೇಕ ದೇಶಗಳ ಹವ್ಯಾಸಿಗಳು ಅದನ್ನು ಕಟ್ಟಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ರೈಲು ಪ್ರಯಾಣ, ಭದ್ರಾವತಿಯ ಯಾವುದಾದರೂ ಕೈಪಳಗಿದ ಎಲೆಕ್ಟ್ರಿಷಿಯನ್‌ನ ಬೆಸುಗೆ ಕಡ್ಡಿ ಇದ್ದರೆ ಇಲ್ಲೂ ಕಟ್ಟಬಹುದು.

ಒಬ್ಬರಿಂದ ಆಗದ್ದು

ಈ ಎಲ್ಲದರಲ್ಲಿ ಕೊರತೆಯಿರುವುದು ಜೊತೆಗಾರರದು. ಬೆಂಗಳೂರಿನಲ್ಲಿ ಕಲಿಯುವವರಿಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಇಸ್ರೊದ ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್ ಇವೆ. ಜಿಲ್ಲೆಯಲ್ಲಿ ಇಂಥ ಕೆಲಸಕ್ಕೆ ತಕ್ಕ ಜಾಗಗಳು ಕಡಿಮೆಯೇನಿಲ್ಲ. 1980ರಲ್ಲಿ ಶುರುವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಊರಿನ ಪಾಲಿಟೆಕ್ನಿಕ್ಕುಗಳು, ಐಟಿಐಗಳಲ್ಲಿ ಒಂದೊಂದು ಮಾಳಿಗೆಯ ಆಂಟೆನಾ, ಒಂದೊಂದು ಸಣ್ಣ ಕೋಣೆ ಸಾಕು. ಕನ್ನಡದಲ್ಲಿ ಪಾಠ ನಡೆಯಬೇಕು. ನಿವೃತ್ತ ಕಾರ್ಖಾನೆ ತಂತ್ರಜ್ಞರನ್ನು ಅಲ್ಲಿಗೆ ಕರೆಯಬೇಕು, ಹುಡುಗಿಯರನ್ನು ಮೊದಲ ಸಾಲಿನಲ್ಲಿ ಕೂರಿಸಬೇಕು. ಅಂಡಮಾನಿನಲ್ಲಿ 2004ರ ಸುನಾಮಿಯ ಹೊತ್ತಿಗೆ ಹ್ಯಾಮ್ ನಿಲಯ ನಡೆಸುತ್ತಿದ್ದು, ಹೊರಜಗತ್ತಿಗೆ ದ್ವೀಪಗಳ ಸುದ್ದಿ ಮುಟ್ಟಿಸಿದ ತಂಡದ ನಾಯಕಿ ಭಾರತಿ ಪ್ರಸಾದ್ ಎಂಬುದನ್ನು ಅವರಿಗೆ ಹೇಳಬೇಕು.

ಇದು ಬರೀ ಹವ್ಯಾಸದ ಮಾತಲ್ಲ. 2019ರ ಆಗಸ್ಟಿನ ನೆರೆಯನ್ನು ಈ ಜಿಲ್ಲೆ ನೋಡಿದೆ. ಕರೆಂಟು ಹೋಗಿ, ಬ್ಯಾಟರಿ ಮುಗಿದು, ಮೊಬೈಲ್ ಟವರ್ ಮೌನವಾದಾಗ ಕಾರಿನ ಬ್ಯಾಟರಿ ಮತ್ತು 20 ಮೀಟರ್ ತಂತಿಯಿಂದ ಜಿಲ್ಲಾ ಕೇಂದ್ರಕ್ಕೂ ಬೆಂಗಳೂರಿಗೂ ಸುದ್ದಿ ಮುಟ್ಟಿಸಬಲ್ಲವರು ಪ್ರತಿ ತಾಲ್ಲೂಕಿನಲ್ಲಿ ನಾಲ್ಕು ಜನರಾದರೂ ಇರಬೇಕು. ಅಂಥವರನ್ನು ನೆರೆ ಬಂದ ದಿನ ಹುಟ್ಟಿಸಲಾಗುವುದಿಲ್ಲ. ಪರೀಕ್ಷೆ ಪಾಸಾಗಿ ಸೆಟ್ಟು ಕೊಂಡವರೆಲ್ಲ ಅಂಥವರಾಗುವುದೂ ಇಲ್ಲ. ಗದ್ದಲದ ನಡುವೆ ಕ್ಷೀಣ ದನಿಯೊಂದನ್ನು ಹೆಕ್ಕಿ ತೆಗೆಯುವ, ಹೊತ್ತಿಗೆ ತಕ್ಕ ಬ್ಯಾಂಡು ಆರಿಸುವ, ಹರಿದ ಆಂಟೆನಾವನ್ನು ಕತ್ತಲಲ್ಲಿ ಕಟ್ಟುವ ಅಭ್ಯಾಸ ವರ್ಷಗಟ್ಟಲೆಯ ಕೇಳುವಿಕೆಯಿಂದ ಮಾತ್ರ ಬರುತ್ತದೆ.

ಆದ್ದರಿಂದ ಹೊಸಬರಿಗೆ ಹೇಳಬೇಕಾದ ಕ್ರಮ ಇಷ್ಟು: ಈ ವಾರ ಮನೆಯ ಮೈನ್ ಆರಿಸಿ ಬ್ಯಾಟರಿ ರೇಡಿಯೊದಲ್ಲಿ ಕೇಳಿ. ಈ ತಿಂಗಳು ಮನೆಯ ಸದ್ದುಗಳನ್ನು ಹಿಡಿದು ಹಾಕಿ, ಇಪ್ಪತ್ತು ಮೀಟರ್ ತಂತಿ ಕಟ್ಟಿ. ಕೇಳಿದ ನಿಲಯ, ಹೊತ್ತು, ಹವೆ ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ. ಜೊತೆಗೆ ಪರೀಕ್ಷೆಗೆ ಓದಿ, ಅರ್ಜಿ ಹಾಕಿ. ಕರೆಸಂಕೇತ ಬರುವ ಹೊತ್ತಿಗೆ ನಿಮ್ಮ ಊರಿನ ಆಕಾಶ, ನಿಮ್ಮ ಬೀದಿಯ ಕಂಬ, ನಿಮ್ಮ ಮನೆಯ ವೈರು ಮೂರೂ ನಿಮಗೆ ಚೆನ್ನಾಗಿ ಗೊತ್ತಿರುತ್ತವೆ. ಆಮೇಲೆ ಯಾವ ಸೆಟ್ಟು ಕೊಳ್ಳಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.